ಯಾರು, ಏನೆಂದು ಕರೆದರು

ಮುಂಬಯಿ ಬಳಿಯ ಡೊಂಬಿವಲಿ ಪೂರ್ವದಲ್ಲಿರುವ ನಮ್ಮ ಮನೆಯ ಕಪಾಟಿನಲ್ಲಿ ಕೆಂಪು ಬಟ್ಟೆಯ ರಟ್ಟು ಹಾಕಿದ ಉದ್ದನೆಯ ಲೆಕ್ಕದ ಪುಸ್ತಕವೊಂದಿದೆ. ದೀಪಾವಳಿಯ ಲಕ್ಷ್ಮೀಪೂಜೆಗೆ ವ್ಯಾಪಾರಿಗಳು ಕುಂಕುಮ ಹಚ್ಚಿ ಇಡುತ್ತಾರಲ್ಲ, ಅಂಥದ್ದು. ಅದರಲ್ಲಿ ರೂಪಾಯಿಯ ಲೆಕ್ಕ ಒಂದೂ ಇಲ್ಲ. ಎಡಗಡೆ ಕಾದಂಬರಿಯ ಪುಟಸಂಖ್ಯೆ, ಅದರ ಪಕ್ಕ ಅವಳನ್ನು ಕರೆದವರು ಯಾರು, ಆಮೇಲೆ ಏನೆಂದು ಕರೆದರು, ಕೊನೆಯ ಕಾಲಮಿನಲ್ಲಿ ಯಾತಕ್ಕಾಗಿ ಕರೆದರು. ‘ಅವಳು’ ಎಂದರೆ ಹುಟ್ಟಿದ ದೇಶ ಬಿಟ್ಟು ಅಮೆರಿಕಕ್ಕೋ ಇಂಗ್ಲೆಂಡಿಗೋ ಹೋಗಿ ಸಂಸಾರ ಹೂಡಿದ ಹೆಣ್ಣು. ಡಯಾಸ್ಪೊರಾ ಸಾಹಿತ್ಯ ಎಂದು ವಿಶ್ವವಿದ್ಯಾಲಯದವರು ಕರೆಯುವ ಕಾದಂಬರಿಗಳನ್ನು ಓದುವುದನ್ನು ನಾನು ನಿಜವಾಗಿ ಕಲಿತದ್ದು ಈ ನಾಲ್ಕು ಕಾಲಮುಗಳನ್ನು ತುಂಬಿಸುತ್ತ. ಅದು ಹೇಗೆ ಆಯಿತೆಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಧಾರವಾಡದವಳು. 1994ರಲ್ಲಿ ಮದುವೆಯಾಗಿ, ಬೆಳಗಾವಿ, ಕೊಲ್ಹಾಪುರ, ಪುಣೆಗಳನ್ನು ಕತ್ತಲಲ್ಲಿ ದಾಟುವ ರಾತ್ರಿ ಬಸ್ಸಿನಲ್ಲಿ ಇಲ್ಲಿಗೆ ಬಂದೆ. ಗಂಡನ ಮನೆಯವರು ವಿಜಾಪುರದ ಕಡೆಯವರಾದರೂ ಎರಡು ತಲೆಮಾರಿನಿಂದ ಮುಂಬಯಿಯಲ್ಲಿದ್ದವರು. ಮದುವೆಯ ದಿನ ತಟ್ಟೆಯಲ್ಲಿ ಅಕ್ಕಿ ಹರಡಿ, ಅದರ ಮೇಲೆ ಉಂಗುರದಿಂದ ನನ್ನ ಹೊಸ ಹೆಸರನ್ನು ಬರೆಸಿದರು. ಮುನ್ಸಿಪಾಲಿಟಿಯ ಕನ್ನಡ ಮಾಧ್ಯಮದ ಶಾಲೆಯೊಂದರಲ್ಲಿ ಇಪ್ಪತ್ತು ವರ್ಷ ಪಾಠ ಮಾಡಿದೆ. ಆ ಶಾಲೆಯಲ್ಲಿ ಮಕ್ಕಳು ಕಡಿಮೆಯಾಗುತ್ತ ಬಂದು ನನಗೆ ಸಮಯ ಹೆಚ್ಚಾಗುತ್ತ ಬಂದಾಗ, ಶನಿವಾರ ಮಧ್ಯಾಹ್ನ ಮೂರು ಗಂಟೆಗೆ ನಮ್ಮ ಹಾಲಿನಲ್ಲಿ ಕನ್ನಡದ ಹೆಂಗಸರು ಸೇರಿ ಓದುವ ಪದ್ಧತಿ ಶುರುವಾಯಿತು. ಈಗ ಹತ್ತು ವರ್ಷ ದಾಟಿದೆ. ಸಾಮಾನ್ಯವಾಗಿ ಏಳೆಂಟು ಮಂದಿ ಇರುತ್ತೇವೆ. ಜೋಳದ ರೊಟ್ಟಿ ಬಡಿದು ಮನೆಮನೆಗೆ ಕೊಡುವ ಕಲಬುರ್ಗಿಯ ಅಕ್ಕ, ಉಡುಪಿ ಕಡೆಯ ಒಬ್ಬ ಅತ್ತಿಗೆ, ಕಾರವಾರದಿಂದ ಬಂದು ಇಲ್ಲಿನ ಆಸ್ಪತ್ರೆಯಲ್ಲಿ ದುಡಿದು ನಿವೃತ್ತರಾದ ನರ್ಸ್, ಮಂಡ್ಯದ ಕಡೆಯ ಚಿಕ್ಕ ವಯಸ್ಸಿನ ತಂಗಿ, ಇನ್ನು ಕೆಲವರು. ಅರ್ಧಕ್ಕಿಂತ ಹೆಚ್ಚು ಜನರಿಗೆ ಇಂಗ್ಲಿಷ್ ಪುಸ್ತಕ ಓದಿ ಅಭ್ಯಾಸವಿಲ್ಲ. ಹಾಗಾಗಿ ನಾನು ವಾರವಿಡೀ ಹನ್ನೆರಡರಿಂದ ಹದಿನೈದು ಪುಟ ಓದಿಕೊಂಡು, ಕಷ್ಟದ ಕಡೆ ನಿಘಂಟು ನೋಡಿ, ಶನಿವಾರ ಬಾಯಲ್ಲೇ ಕನ್ನಡಕ್ಕೆ ಇಳಿಸುತ್ತ ಹೋಗುತ್ತೇನೆ.

ಮೊದಲ ವರ್ಷ ಸೋತೆ. ಯಾವುದೋ ವಿಚಾರಸಂಕಿರಣದಲ್ಲಿ ಕೇಳಿದ ಮಾತುಗಳನ್ನೆಲ್ಲ ಹೊತ್ತು ತಂದಿದ್ದೆ. 1949ರಲ್ಲಿ ಇದೇ ಮುಂಬಯಿಯಲ್ಲಿ ಹುಟ್ಟಿದ ಸಾಹಿತ್ಯ ಚಿಂತಕ ಹೋಮಿ ಕೆ. ಭಾಭಾ ಹೇಳಿದ ‘ಮೂರನೆಯ ಆವರಣ’ (ಎರಡು ಸಂಸ್ಕೃತಿಗಳು ಸಂಧಿಸುವ ನಡುವಿನ ತಾಣ), ಬೆರಕೆ ಸಂಸ್ಕೃತಿ, ಎರಡು ದೇಶಗಳ ನಡುವೆ ತೂಗುವ ಅಸ್ಮಿತೆ. ಭಾಭಾ ಅವರ ಬರವಣಿಗೆಯ ಮೇಲೆ ನನಗೆ ಗೌರವವಿದೆ. ಆದರೆ ಅದನ್ನು ಮೊದಲೇ ಹೇಳಿಬಿಟ್ಟು ಕಥೆಯನ್ನು ಅದಕ್ಕೆ ಉದಾಹರಣೆಯಾಗಿ ಓದಿಸಿದ್ದು ತಪ್ಪು. ಮೂರು ಜನ ಬರುವುದನ್ನು ಬಿಟ್ಟರು. ಅದಕ್ಕಿಂತ ಮುಖ್ಯವಾಗಿ ‘ಅಸ್ಮಿತೆ’ ಎಂಬ ಶಬ್ದವೇ ಅಲ್ಲಿ ಕೂತವರಿಗೆ ಹಿಡಿಸಲಿಲ್ಲ. ಮಹಾರಾಷ್ಟ್ರದಲ್ಲಿ ಬದುಕುವವರಿಗೆ ಅದು ಚುನಾವಣೆಯ ಫಲಕಗಳ ಮೇಲಿನ ಶಬ್ದ. ಮರಾಠಿ ಅಸ್ಮಿತೆ ಎಂದು ಅದು ಗೋಡೆಯ ಮೇಲೆ ಕಾಣಿಸಿದ ವಾರ ನಮ್ಮವರು ಲೋಕಲ್ ರೈಲಿನಲ್ಲಿ ಕನ್ನಡದ ದನಿಯನ್ನು ಸ್ವಲ್ಪ ತಗ್ಗಿಸುತ್ತಾರೆ. ಕಲಬುರ್ಗಿಯ ಅಕ್ಕ ಒಂದು ಶನಿವಾರ ನೇರವಾಗಿಯೇ ಕೇಳಿದರು: “ಅಕ್ಕೋರೇ, ಅದು ದೊಡ್ಡ ದೊಡ್ಡ ಜನರ ಹತ್ತಿರ ಇರುವ ವಸ್ತುವಲ್ಲವೇ? ನಮ್ಮ ಹತ್ತಿರ ಗುರುತು ಇದೆ, ಅಷ್ಟೇ.”

ಅಂದಿನಿಂದ ನಾನು ಗುರುತು ಎಂಬ ಶಬ್ದವನ್ನೇ ಹಿಡಿದೆ. ಕನ್ನಡದಲ್ಲಿ ಗುರುತು ಎಂದರೆ ಚಿಹ್ನೆ, ಪರಿಚಯ, ಕಲೆ ಎಲ್ಲವೂ ಹೌದು. ನಮಗೆ ಗುರುತಿನವರು ಇರುತ್ತಾರೆ. ಗುರುತು ಸಿಗುತ್ತದೆ, ಗುರುತು ಹತ್ತುವುದಿಲ್ಲ, ಗುರುತು ಹಿಡಿಯುತ್ತಾರೆ. ಈ ಎಲ್ಲ ಮಾತುಗಳಲ್ಲಿಯೂ ಎದುರಿಗೆ ಇನ್ನೊಬ್ಬರು ಬೇಕು. ನನ್ನೊಳಗೆ ನಾನೇ ಇಟ್ಟುಕೊಂಡ ಗಂಟಲ್ಲ ಅದು, ಎದುರಿನವರ ಕಣ್ಣಿನಲ್ಲಿ ಮೂಡುವಂಥದ್ದು. ಹಾಗಾದರೆ ವಲಸೆ ಹೋದ ಹೆಣ್ಣಿನ ಗುರುತು ಬದಲಾಯಿತೇ ಎಂದು ಕೇಳುವ ಮೊದಲು, ಅಲ್ಲಿ ಅವಳ ಗುರುತು ಹಿಡಿಯುವವರು ಯಾರಿದ್ದಾರೆ ಎಂದು ಕೇಳಬೇಕಲ್ಲವೇ? ಈ ಪ್ರಶ್ನೆಯಿಂದ ಹುಟ್ಟಿದ್ದೇ ಕೆಂಪು ಪುಸ್ತಕ.

ಅದರಲ್ಲಿ ಮೊದಲ ಪುಟ ಜುಂಪಾ ಲಾಹಿರಿಯವರ ‘ಇಂಟರ್‌ಪ್ರಿಟರ್ ಆಫ್ ಮ್ಯಾಲಡೀಸ್’ ಸಂಕಲನದ ಒಂದು ಕಥೆಯದು. 1999ರಲ್ಲಿ ಬಂದ ಈ ಪುಸ್ತಕಕ್ಕೆ ಮರುವರ್ಷ ಪುಲಿಟ್ಜರ್ ಬಹುಮಾನ ಬಂತು. ಕಥೆಯ ನಾಯಕಿ ಕಲಕತ್ತೆಯಿಂದ ಅಮೆರಿಕಕ್ಕೆ ಬಂದ ಗಣಿತದ ಪ್ರಾಧ್ಯಾಪಕರೊಬ್ಬರ ಹೆಂಡತಿ. ಎಲಿಯಟ್ ಎಂಬ ಹನ್ನೊಂದು ವರ್ಷದ ಹುಡುಗನನ್ನು ಶಾಲೆ ಬಿಟ್ಟ ಮೇಲೆ ತನ್ನ ಮನೆಯಲ್ಲಿ ನೋಡಿಕೊಳ್ಳುತ್ತಾಳೆ. ನೆಲದ ಮೇಲೆ ಕೂತು ಅವಳು ತರಕಾರಿ ಹೆಚ್ಚುವ ಸಲಕರಣೆಯನ್ನು ಹುಡುಗನ ಕಣ್ಣಿನಿಂದ ಲೇಖಕಿ ಬಹಳ ಹೊತ್ತು ಬಣ್ಣಿಸುತ್ತಾರೆ, ಹಡಗಿನ ಮೂತಿಯಂತೆ ಬಾಗಿದ ಅಲಗು ಎಂದು. ನಾನು ಅದನ್ನು “ಈಳಿಗೆಮಣೆ” ಎಂದುಬಿಟ್ಟೆ. ಒಂದೇ ಶಬ್ದಕ್ಕೆ ಹಾಲಿನಲ್ಲಿ ಕೂತವರೆಲ್ಲ ಆ ಅಮೆರಿಕದ ಮನೆಯೊಳಗೆ ಹೋಗಿ ಕೂತರು. ಮದುವೆಯ ಹಿಂದಿನ ರಾತ್ರಿ ಕೇರಿಯ ಹೆಂಗಸರೆಲ್ಲ ತಂತಮ್ಮ ಈಳಿಗೆ ತಂದು, ಮಾಳಿಗೆಯ ಮೇಲೆ ಸುತ್ತ ಕೂತು, ಮಾತಾಡುತ್ತ ನಗುತ್ತ ಐವತ್ತು ಕಿಲೋ ತರಕಾರಿ ಹೆಚ್ಚುತ್ತಿದ್ದರೆಂದು ಅವಳು ಹುಡುಗನಿಗೆ ಹೇಳುವ ಭಾಗ ಬಂದಾಗ ಉಡುಪಿಯ ಅತ್ತಿಗೆ ಕಣ್ಣೊರೆಸಿಕೊಂಡರು. ತಾನು ಗಟ್ಟಿಯಾಗಿ ಕೂಗಿಕೊಂಡರೆ ಇಲ್ಲಿ ಯಾರಾದರೂ ಬರುತ್ತಾರೆಯೇ ಎಂದು ಅವಳು ಹುಡುಗನನ್ನು ಕೇಳುತ್ತಾಳೆ. ಫೋನ್ ಮಾಡಿ ಗಲಾಟೆ ಜಾಸ್ತಿಯಾಯಿತೆಂದು ದೂರಬಹುದು ಎಂದು ಅವನು ಹೇಳುತ್ತಾನೆ. ಇಂಗ್ಲಿಷಿನಲ್ಲಿ ಓದಿದಾಗ ಆ ಅಲಗು ವಿಚಿತ್ರವಾಗಿ ಕಂಡಿತ್ತು. ಕನ್ನಡಕ್ಕೆ ಬಂದ ಕೂಡಲೇ ಅಲಗು ನಮ್ಮದಾಗಿ, ಬಾಗಿಲು ಮುಚ್ಚಿಕೊಂಡ ಆ ಕಟ್ಟಡ ವಿಚಿತ್ರವಾಯಿತು.

ಆಮೇಲೆ ನರ್ಸ್ ಅಕ್ಕ ಕೇಳಿದರು, “ಆಕೆಯ ಹೆಸರೇನು?” ನಾನು ಪುಟ ತಿರುವಿ ಹುಡುಕಿದೆ. ಕಥೆಯ ಶೀರ್ಷಿಕೆಯಲ್ಲಿಯೂ ಒಳಗೂ ಅವಳು ‘ಮಿಸೆಸ್ ಸೇನ್’. ಮಕ್ಕಳನ್ನು ನೋಡಿಕೊಳ್ಳುತ್ತೇನೆಂದು ಅವಳು ಕೊಟ್ಟ ಜಾಹೀರಾತಿನಲ್ಲಿ ಕೂಡ ಪ್ರಾಧ್ಯಾಪಕರ ಪತ್ನಿ ಎಂದೇ ಇದೆ. ಅವಳ ಸ್ವಂತ ಹೆಸರನ್ನು ಹೇಳಿ ಕರೆಯುವವರು ಆ ಊರಿನಲ್ಲಿ ಇಲ್ಲ. ಕಲಕತ್ತೆಯಿಂದ ಬರುವ ಪತ್ರಗಳಿಗೆ ಅವಳು ಯಾಕೆ ಅಷ್ಟು ಹಂಬಲಿಸುತ್ತಾಳೆಂದು ಅಂದು ನನಗೆ ಅರ್ಥವಾಯಿತು. ಅವಳ ಹೆಸರನ್ನು ಬಲ್ಲವರು ಆ ಲಕೋಟೆಗಳೊಳಗೆ ಮಾತ್ರ ಇದ್ದರು.

ಅದೇ ಲೇಖಕಿಯ ‘ದಿ ನೇಮ್‌ಸೇಕ್’ (2003) ಓದಲು ನಮಗೆ ಏಳು ತಿಂಗಳು ಹಿಡಿಯಿತು. ಕಾದಂಬರಿಯನ್ನು ಎಲ್ಲರೂ ಮಗ ಗೊಗೊಲ್‌ನ ಹೆಸರಿನ ಕಥೆಯೆಂದು ಹೇಳುತ್ತಾರೆ. ನಾವು ತಾಯಿಯ ಕಥೆಯಾಗಿ ಓದಿದೆವು. 1968ರ ಆಗಸ್ಟಿನ ಒಂದು ಸಂಜೆ, ತುಂಬು ಬಸುರಿ ಅಸೀಮಾ ಅಮೆರಿಕದ ಕೇಂಬ್ರಿಜ್‌ನ ಅಡುಗೆಮನೆಯಲ್ಲಿ ನಿಂತು, ಅಲ್ಲಿನ ಡಬ್ಬಿಯ ಅಕ್ಕಿಯ ಅರಳಿಗೆ ಶೇಂಗಾ, ಈರುಳ್ಳಿ, ಹಸಿಮೆಣಸು, ಉಪ್ಪು, ನಿಂಬೆರಸ ಸೇರಿಸಿ ಕಲಕತ್ತೆಯ ಬೀದಿಯ ತಿಂಡಿಯನ್ನು ಮರಳಿ ಹುಟ್ಟಿಸಲು ನೋಡುತ್ತಾಳೆ. ಸಾಸಿವೆ ಎಣ್ಣೆ ಇಲ್ಲ, ಏನೋ ಕಡಿಮೆ. ಗಿರಮಿಟ್ಟು ತಿಂದು ಬೆಳೆದ ನನಗೆ ಅದನ್ನು ವಿವರಿಸಿ ಹೇಳಬೇಕಾಗಿ ಬರಲಿಲ್ಲ. ಮುಂಬಯಿಯ ಭೇಳ್‌ನಲ್ಲಿ ನಾನು ಮೂವತ್ತು ವರ್ಷ ಹುಡುಕಿದ್ದು ಅದನ್ನೇ.

ಆದರೆ ನಮ್ಮನ್ನು ಹಿಡಿದು ನಿಲ್ಲಿಸಿದ್ದು ಅದರ ಮರುಪುಟ. ಅಸೀಮಾ ಗಂಡನ ಹೆಸರನ್ನು ಬಾಯಲ್ಲಿ ತರುವುದಿಲ್ಲ. ಅವನ ಮನೆತನದ ಹೆಸರನ್ನು ತನ್ನದಾಗಿ ಮಾಡಿಕೊಂಡಿದ್ದರೂ ಅಶೋಕ ಎನ್ನುವುದಿಲ್ಲ. ಅದರ ಬದಲು ಒಂದು ಪ್ರಶ್ನೆಯಿಂದ ಅವನನ್ನು ಕರೆಯುತ್ತಾಳೆ. ಬಂಗಾಳಿಯ ಆ ಪ್ರಶ್ನೆಗೆ ಲೇಖಕಿ ಇಂಗ್ಲಿಷಿನಲ್ಲಿ ಸುಮಾರಾದ ಅರ್ಥ ಕೊಡುತ್ತಾರೆ. ನಾನು ಅದನ್ನು ಕನ್ನಡಕ್ಕೆ ತರಲು ಬಾಯಿ ತೆರೆಯುವುದರೊಳಗೆ ಕಲಬುರ್ಗಿಯ ಅಕ್ಕನೇ ಹೇಳಿದರು: “ಕೇಳಿದಿರಾ?”

ಆ ಶನಿವಾರ ಮುಂದಿನ ಪುಟ ಓದಲಿಲ್ಲ. ಒಬ್ಬೊಬ್ಬರೂ ತಾವು ಗಂಡನನ್ನು ಏನೆಂದು ಕರೆಯುತ್ತೇವೆಂದು ಹೇಳಿದರು. ‘ರೀ’ ಎನ್ನುವವರು, ‘ಇವರೇ’ ಎನ್ನುವವರು, ಮಗನ ಹೆಸರು ಹಿಡಿದು ಅವನ ಅಪ್ಪನನ್ನು ಕೂಗುವವರು, ಬಳೆ ಸದ್ದು ಮಾಡುವವರು. ಮಂಡ್ಯದ ತಂಗಿ ಮಾತ್ರ ಗಂಡನನ್ನು ಹೆಸರು ಹಿಡಿದು ಕರೆಯುತ್ತಾಳೆ. ಆದರೆ ಅತ್ತೆಯ ಎದುರು ಕರೆಯುವುದಿಲ್ಲ. ನಮ್ಮ ಉತ್ತರ ಕರ್ನಾಟಕದಲ್ಲಿ ಹೆಂಗಸರು ಗಂಡನ ಹೆಸರು ಹೇಳಲು ಒಡಪು ಕಟ್ಟಬೇಕು, ಪ್ರಾಸದ ಮರೆಯಲ್ಲಿ ಮಾತ್ರ ಆ ಹೆಸರು ಹೊರಬರುತ್ತದೆ. ಮಹಾರಾಷ್ಟ್ರದವರು ಅದನ್ನೇ ಉಖಾಣಾ ಎನ್ನುತ್ತಾರೆ. ನನ್ನ ಮದುವೆಯಾದ ಹೊಸದರಲ್ಲಿ ತವರಿನವರ ಎದುರು ಕನ್ನಡದ ಒಡಪು, ಚಾಳಿನ ನೆರೆಯವರ ಎದುರು ಮರಾಠಿ ಉಖಾಣಾ ಹೇಳಬೇಕಾಗಿತ್ತು. ಎರಡೂ ಭಾಷೆಯಲ್ಲಿ ಗಂಡನ ಹೆಸರು ಒಂದೇ, ಹೇಳುವವಳ ಹೆಸರು ಎರಡರಲ್ಲಿಯೂ ಇರಲಿಲ್ಲ. ಕೆಂಪು ಪುಸ್ತಕದಲ್ಲಿ ಇದನ್ನು ಎಲ್ಲಿ ಬರೆಯಬೇಕೆಂದು ತಿಳಿಯದೆ ಅಂಚಿನಲ್ಲಿ ಬರೆದಿದ್ದೇನೆ.

ಮಂಡ್ಯದ ತಂಗಿಯಿಂದ ಇನ್ನೊಂದು ಸಿಕ್ಕಿತು. ಅಸೀಮಾ ಎಂದರೆ ಸೀಮೆಯಿಲ್ಲದವಳು, ಎಲ್ಲೆಯಿಲ್ಲದವಳು ಎಂದು ಕಾದಂಬರಿಯೇ ಹೇಳುತ್ತದೆ. ಆ ತಂಗಿ, “ನಮ್ಮ ಕಡೆ ಸೀಮೆ ಎಂದರೆ ಹೊರದೇಶ ಅಲ್ಲವೇ?” ಎಂದಳು. ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಬದನೆ, ಸೀಮೆಹಸು. ಹಡಗಿನಲ್ಲಿ ಬಂದದ್ದಕ್ಕೆಲ್ಲ ನಮ್ಮ ಹಿರಿಯರು ಸೀಮೆ ಎಂದು ಹೆಸರಿಟ್ಟರು. ಹಾಗೆ ನೋಡಿದರೆ ಅಸೀಮಾ ಸೀಮೆಗೆ ಹೋಗಿ ಅಲ್ಲಿನ ಜನರ ಕಣ್ಣಿಗೆ ತಾನೇ ಸೀಮೆಯ ಸರಕಾದವಳು, ಹೆಸರಿನಲ್ಲಿ ಮಾತ್ರ ಅಲ್ಲವೆನ್ನುವವಳು. ಬಂಗಾಳಿಯಲ್ಲಿ ಇಟ್ಟ, ಇಂಗ್ಲಿಷಿನಲ್ಲಿ ಬರೆದ ಹೆಸರಿಗೆ ಈ ಅರ್ಥ ಕನ್ನಡದವರು ಓದಿದಾಗ ಬರುತ್ತದೆ. ಲೇಖಕಿಗೆ ಅದು ಗೊತ್ತಿರಬೇಕಾಗಿಲ್ಲ. ಓದುಗರಿಗೂ ಕಾದಂಬರಿಗೆ ಏನಾದರೂ ಕೊಡುವ ಹಕ್ಕಿದೆ ಎಂದು ನಾನು ನಂಬುತ್ತೇನೆ.

ಈ ಕಾದಂಬರಿಗೆ ಬರುವ ಮೊದಲು ನನ್ನ ತಲೆಯಲ್ಲಿ ಒಂದು ಗೆರೆ ಇತ್ತು. ಒಂದು ತುದಿಯಲ್ಲಿ ಸೀರೆ, ಕುಂಕುಮ, ಗಂಡನ ನೆರಳು. ಇನ್ನೊಂದು ತುದಿಯಲ್ಲಿ ಕತ್ತರಿಸಿದ ಕೂದಲು, ಉದ್ಯೋಗ, ಒಂಟಿ ಕೋಣೆ. ನಾಯಕಿ ಎಷ್ಟು ದೂರ ಹೋದಳೆಂದು ಆ ಗೆರೆಯ ಮೇಲೆ ಅಳೆಯುವುದೇ ವಿಮರ್ಶೆ ಎಂದುಕೊಂಡಿದ್ದೆ. ವಲಸೆ ಹೋದ ಹೆಣ್ಣಿನ ಬಗ್ಗೆ ಬರೆದ ಎಷ್ಟೋ ಪ್ರಬಂಧಗಳಲ್ಲಿ ಇದೇ ಅಳತೆಗೋಲು ಕಾಣುತ್ತದೆ. ಅಸೀಮಾ ಆ ಗೋಲಿಗೆ ಒಗ್ಗಲಿಲ್ಲ. ಮೂವತ್ತು ವರ್ಷ ಕಳೆದರೂ ಸೀರೆ ಬಿಡಲಿಲ್ಲ, ಬಂಗಾಳಿ ಮನೆಗಳ ಹಬ್ಬದಡುಗೆ ಬಿಡಲಿಲ್ಲ. ಅದರ ನಡುವೆಯೇ ಊರಿನ ಗ್ರಂಥಾಲಯದಲ್ಲಿ ಕೆಲಸಕ್ಕೆ ಸೇರುತ್ತಾಳೆ, ಅಲ್ಲಿ ಅವಳಿಗೆ ಅವಳದೇ ಆದ ಗೆಳತಿಯರು ಸಿಗುತ್ತಾರೆ. ಗಂಡ ಕೆಲಸದ ಮೇಲೆ ಕ್ಲೀವ್‌ಲ್ಯಾಂಡಿಗೆ ಹೋದಾಗ ಮನೆಯಲ್ಲಿ ಒಬ್ಬಳೇ ಇರುತ್ತಾಳೆ. ಅವನು ಅಲ್ಲಿಯೇ ತೀರಿಕೊಂಡ ಮೇಲೆ ಮನೆ ಮಾರಿ, ವರ್ಷದಲ್ಲಿ ಆರು ತಿಂಗಳು ಭಾರತ, ಆರು ತಿಂಗಳು ಅಮೆರಿಕ ಎಂದು ತಾನೇ ನಿರ್ಧರಿಸುತ್ತಾಳೆ. ಎಲ್ಲಿಂದಲೂ ಎಲ್ಲಿಗೂ ‘ಹೋಗಲಿಲ್ಲ’ ಅವಳು. ಕೆಂಪು ಪುಸ್ತಕದಲ್ಲಿ ಅವಳನ್ನು ಕರೆಯುವವರ ಸಾಲು ಮಾತ್ರ ಬೆಳೆದಿತ್ತು. ಗೆರೆ ಎಳೆಯುವುದನ್ನು ನಾನು ಅಂದೇ ಬಿಟ್ಟೆ.

ಆ ಕಾದಂಬರಿ ಮುಗಿದ ದಿನ ಕಲಬುರ್ಗಿಯ ಅಕ್ಕ ಅಸೀಮಾಳ ಪರವಾಗಿ ಒಂದು ಒಡಪು ಕಟ್ಟಿದರು:

ಹಿಮ ಬಿದ್ದ ಅಂಗಳದಲ್ಲಿ ರಂಗೋಲಿಗೆ ಎಡೆಯಿಲ್ಲ,
ಅಶೋಕರ ಹೆಸರು ಹೇಳಲು ಇನ್ನು ನನಗೆ ತಡೆಯಿಲ್ಲ.

ಅಸೀಮಾಳ ಬಗ್ಗೆ ನಾನು ಓದಿದ ಯಾವ ಲೇಖನವೂ ಈ ಎರಡು ಸಾಲಿನಷ್ಟು ಹೇಳಿಲ್ಲ. ಹೆಸರಿನವನು ಹೋದ ಮೇಲೆ ಹೆಸರಿನ ತಡೆ ಹೋಯಿತು ಎಂಬುದರಲ್ಲಿ ಬಿಡುಗಡೆ ಇದೆಯೋ ದುಃಖ ಇದೆಯೋ ಎಂದು ಅಕ್ಕನನ್ನು ಕೇಳಿದೆ. “ಎರಡನ್ನೂ ಬೇರೆ ಮಾಡಲು ಬರುತ್ತದೆಯೇ?” ಎಂದರು. ಅವರ ಯಜಮಾನರು ತೀರಿ ಆಗ ಆರು ವರ್ಷವಾಗಿತ್ತು.

ಇಷ್ಟು ಓದಿದ ಮೇಲೆ ಭಾರತಿ ಮುಖರ್ಜಿಯವರ ‘ಜಾಸ್ಮಿನ್’ಗೆ ಬಂದೆವು. 1989ರ ಕಾದಂಬರಿ, ಎಂದರೆ ‘ದಿ ನೇಮ್‌ಸೇಕ್’ಗಿಂತ ಹದಿನಾಲ್ಕು ವರ್ಷ ಹಿಂದಿನದು. ಪಂಜಾಬಿನ ಹಸ್ನಾಪುರದಲ್ಲಿ ಹುಟ್ಟಿದ ಜ್ಯೋತಿಗೆ ಗಂಡ ಪ್ರಕಾಶ ಜಾಸ್ಮಿನ್ ಎಂದು ಹೆಸರಿಡುತ್ತಾನೆ. ಅವನು ಬಾಂಬಿಗೆ ಬಲಿಯಾದ ಮೇಲೆ ಸುಳ್ಳು ಕಾಗದಗಳ ಮೇಲೆ ಅವಳು ಅಮೆರಿಕ ಸೇರುತ್ತಾಳೆ. ಅಲ್ಲಿ ಆಶ್ರಯ ಕೊಟ್ಟ ಮುದುಕಿ ಅವಳನ್ನು ಜ್ಯಾಝಿ ಎನ್ನುತ್ತಾಳೆ, ನ್ಯೂಯಾರ್ಕಿನ ಟೇಲರ್ ಜೇಸ್ ಎನ್ನುತ್ತಾನೆ, ಅಯೋವಾದ ಬ್ಯಾಂಕರ್ ಬಡ್ ಜೇನ್ ಎನ್ನುತ್ತಾನೆ. ನಮ್ಮ ಲೆಕ್ಕದ ಪುಸ್ತಕಕ್ಕೆಂದೇ ಬರೆದ ಕಾದಂಬರಿಯೇನೋ ಎನ್ನಿಸಿತು. ಕಾಲಮುಗಳು ತಾವಾಗಿಯೇ ತುಂಬಿದವು.

ಅಲ್ಲಿಯೂ ಒಂದು ಶನಿವಾರ ನಿಂತುಬಿಟ್ಟೆವು. ಪ್ರಕಾಶನಿಗೆ ಹೆಂಡತಿ ತನ್ನನ್ನು ಹೆಸರು ಹಿಡಿದು ಕರೆಯಬೇಕೆಂಬ ಹಟ. ಹಸ್ನಾಪುರದ ಹೆಂಗಸರು ಹಾಗೆ ಕರೆಯುವವರಲ್ಲ. ಮೊದಮೊದಲು ಅವಳಿಗೆ ನಾಲಗೆ ಹೊರಳುವುದಿಲ್ಲ. ಅವನ ಗಮನ ಸೆಳೆಯಲು ಕೆಮ್ಮುತ್ತಾಳೆ, ಇಲ್ಲವೇ “ಕೇಳುತ್ತಿದ್ದೀರಾ?” ಎಂದು ಮಾತು ಶುರುಮಾಡುತ್ತಾಳೆ. ನಾನು ಓದುವುದನ್ನು ನಿಲ್ಲಿಸಿ ‘ದಿ ನೇಮ್‌ಸೇಕ್’ನ ಪುಟಗಳನ್ನು ತೆರೆದು ಕೆಂಪು ಪುಸ್ತಕದ ಪಕ್ಕ ಇಟ್ಟೆ. ಬೇರೆ ಬೇರೆ ತಲೆಮಾರಿನ ಇಬ್ಬರು ಲೇಖಕಿಯರು, ಒಬ್ಬರು ಪಂಜಾಬಿ ಹುಡುಗಿಯ ಬಾಯಲ್ಲಿ, ಇನ್ನೊಬ್ಬರು ಬಂಗಾಳಿ ಹೆಂಗಸಿನ ಬಾಯಲ್ಲಿ ಅದೇ ಪ್ರಶ್ನೆಯನ್ನಿಟ್ಟಿದ್ದಾರೆ. ಡೊಂಬಿವಲಿಯಲ್ಲಿ ಕೂತ ನಾವು ಅದನ್ನೇ ಕನ್ನಡದಲ್ಲಿ ದಿನಾ ಕೇಳುತ್ತಿದ್ದೇವೆ. ಈ ಹೋಲಿಕೆಯನ್ನು ನನಗೆ ಯಾವ ಪುಸ್ತಕವೂ ತೋರಿಸಿರಲಿಲ್ಲ. ಅದನ್ನು ಕಂಡ ಆ ಮಧ್ಯಾಹ್ನದ ಸಂತೋಷವನ್ನು ಹೇಗೆ ಹೇಳಲಿ? ಎರಡೂ ಪುಟಗಳ ಮೇಲೆ ಅಂದು ಹಚ್ಚಿದ ಅರಿಶಿನದ ಬೆರಳಿನ ಕಲೆ ಇನ್ನೂ ಇದೆ.

ಕಾದಂಬರಿಯ ಕೊನೆಯಲ್ಲಿ ಜೇನ್ ಆಗಿರುವ ಅವಳು, ಬಸುರಿಯಾಗಿರುವಾಗಲೇ, ಗುಂಡೇಟು ಬಿದ್ದು ಗಾಲಿಕುರ್ಚಿ ಹಿಡಿದ ಬಡ್‌ನನ್ನು ಬಿಟ್ಟು ಟೇಲರ್ ಜೊತೆ ಕ್ಯಾಲಿಫೋರ್ನಿಯಾಕ್ಕೆ ಹೊರಡುತ್ತಾಳೆ. ಇದರ ಮೇಲೆ ನಮ್ಮಲ್ಲಿ ದೊಡ್ಡ ಜಗಳವಾಯಿತು. ನರ್ಸ್ ಅಕ್ಕನಿಗೆ ಅದು ಸಹಿಸಲಾಗದ ಮಾತು. ರೋಗಿಯನ್ನು ಬಿಟ್ಟು ಹೋದವಳನ್ನು ಸ್ವತಂತ್ರಳೆಂದು ಹೇಗೆ ಕರೆಯುತ್ತೀರಿ ಎಂದರು. ಉಡುಪಿಯ ಅತ್ತಿಗೆ ಶಾಂತವಾಗಿ, “ಅವಳಿಗೆ ಹೆಸರಿಟ್ಟವರೆಲ್ಲ ಅವಳಿಂದ ಏನೋ ಒಂದು ಸೇವೆ ತೆಗೆದುಕೊಂಡವರೇ, ನಾಲ್ಕನೆಯ ಕಾಲಂ ನೋಡಿ” ಎಂದರು. ನೋಡಿದೆವು. ಜಾಸ್ಮಿನ್ ಎಂದವನಿಗೆ ಪಟ್ಟಣದ ಹೆಂಡತಿ ಬೇಕಿತ್ತು, ಜೇಸ್ ಎಂದವನ ಮನೆಯಲ್ಲಿ ಮಗು ನೋಡಿಕೊಳ್ಳಬೇಕಿತ್ತು, ಜೇನ್ ಎಂದವನಿಗೆ ಆರೈಕೆ ಬೇಕಿತ್ತು. ನಾನು ಅಕ್ಕಿಯ ತಟ್ಟೆಯನ್ನು ನೆನೆದೆ. ನನ್ನ ತೀರ್ಪು ಹೇಳುವುದಾದರೆ, ಜಾಸ್ಮಿನ್ ತನ್ನನ್ನು ಹುಡುಕಿಕೊಂಡಳೆಂದು ಬರೆಯುವವರು ಕೊನೆಯ ಪುಟದಲ್ಲಿಯೂ ಅವಳು ತನಗೆ ಹೆಸರು ಕೊಟ್ಟ ಒಬ್ಬನ ಜೊತೆಗೇ ಹೊರಟಿದ್ದಾಳೆಂಬುದನ್ನು ಮರೆಯುತ್ತಾರೆ. ತನಗೆ ತಾನೇ ಇಟ್ಟುಕೊಂಡ ಹೆಸರೊಂದು ಆ ಪಟ್ಟಿಯಲ್ಲಿ ನಮಗೆ ಸಿಗಲಿಲ್ಲ. ನರ್ಸ್ ಅಕ್ಕ ಇದನ್ನೂ ಒಪ್ಪಲಿಲ್ಲ. ಆ ಜಗಳ ಇವತ್ತಿಗೂ ಮುಗಿದಿಲ್ಲ.

ಅದೇ ಕಾದಂಬರಿಯಲ್ಲಿ ನ್ಯೂಯಾರ್ಕಿನ ಫ್ಲಶಿಂಗ್‌ನ ಒಂದು ಪಂಜಾಬಿ ಮನೆಯ ಭಾಗವಿದೆ. ಅಲ್ಲಿ ಎಲ್ಲವನ್ನೂ ಊರಿನಂತೆಯೇ ಕಾಪಾಡಿದ್ದಾರೆ, ಅವಳು ಅಲ್ಲಿ ವಿಧವೆ ಮಾತ್ರ. ಅದನ್ನು ಓದುವಾಗ ಇಲ್ಲಿನ ನಮ್ಮ ಕನ್ನಡ ಸಂಘಗಳ ರಾಜ್ಯೋತ್ಸವ ನೆನಪಾಗಿ ನನಗೆ ಸಂಕಟವಾಯಿತು. ನಾಡಗೀತೆ ಹಾ­ಡುವಾಗ ನಾನೂ ಕಣ್ಣು ತುಂಬಿಕೊಳ್ಳುವವಳೇ. ಆದರೆ ಅಲ್ಲಿ ಹೆಂಗಸರಿಗೆ ಕೊಡುವ ಕೆಲಸ ರಂಗೋಲಿ, ಆರತಿ ತಟ್ಟೆ, ಊಟದ ಬಡಿಸುವಿಕೆ. ಊರಿನಲ್ಲಿ ಬಿಟ್ಟುಬಂದ ಗುರುತನ್ನು ಮುನ್ನೂರು ಮೈಲಿ ಆಚೆ ಮತ್ತೆ ಅವರ ಕೈಗೇ ಕೊಡುತ್ತೇವೆ.

ಭಾರತಿ ಮುಖರ್ಜಿಯವರ ಬದುಕನ್ನೂ ಸ್ವಲ್ಪ ಓದಿ ಹೇಳಿದೆ. 1940ರಲ್ಲಿ ಕಲಕತ್ತೆಯಲ್ಲಿ ಹುಟ್ಟಿ, ಕೆನಡಾದಲ್ಲಿ ವರ್ಣದ್ವೇಷದಿಂದ ಬೇಸತ್ತು, 1980ರಲ್ಲಿ ಅಮೆರಿಕಕ್ಕೆ ಹೋಗಿ, 1988ರಲ್ಲಿ ಅಲ್ಲಿನ ಪೌರತ್ವ ಪಡೆದವರು. ತಾವು ಅಮೆರಿಕದ ಲೇಖಕಿ, ಹಿಂದೆ ಮುಂದೆ ಇನ್ನೊಂದು ಶಬ್ದ ಅಂಟಿಸಬೇಡಿ ಎಂಬುದು ಅವರ ನಿಲುವಾಗಿತ್ತು. ಅವರ ಒಡಹುಟ್ಟಿದವರೊಬ್ಬರು ಅದೇ ಅಮೆರಿಕದಲ್ಲಿ ದಶಕಗಳ ಕಾಲ ದುಡಿದೂ ಭಾರತದ ಪೌರತ್ವ ಬಿಡಲಿಲ್ಲ. ಇದನ್ನು 1996ರಲ್ಲಿ ಲೇಖಕಿಯೇ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಬರೆದಿದ್ದಾರೆ. ಒಂದೇ ಮನೆಯ ಇಬ್ಬರು ಹೆಣ್ಣುಮಕ್ಕಳು. ನಮ್ಮಲ್ಲಿ ಆ ವಾರ ಯಾರೂ ಯಾರ ಪಕ್ಷವನ್ನೂ ವಹಿಸಲಿಲ್ಲ.

ಬಾಯಲ್ಲೇ ಅನುವಾದ ಮಾಡುವವಳಿಗೆ ಒಂದು ಸಂಕಟ ಪ್ರತಿ ಸಾಲಿಗೂ ಎದುರಾಗುತ್ತದೆ. ಇಂಗ್ಲಿಷಿನಲ್ಲಿ ಎದುರಿಗಿರುವ ಎಲ್ಲರಿಗೂ ಒಂದೇ ಸರ್ವನಾಮ. ಕನ್ನಡದಲ್ಲಿ ನೀನು, ನೀವು ಎಂದು ನಿರ್ಧಾರ ಮಾಡದೆ ಬಾಯಿ ಬಿಡಲಾಗದು. ಮೊದಲು ನಾನು ನನಗೆ ತೋಚಿದಂತೆ ಹೇಳಿಕೊಂಡು ಹೋಗುತ್ತಿದ್ದೆ. ‘ಜಾಸ್ಮಿನ್’ ಓದುವಾಗ ಮಂಡ್ಯದ ತಂಗಿ ತಡೆದಳು: “ಹೋದ ವಾರ ಇವಳು ಪ್ರಕಾಶನಿಗೆ ನೀವು ಎನ್ನುತ್ತಿದ್ದಳು, ಇವತ್ತು ನೀನು ಎನ್ನುತ್ತಿದ್ದಾಳೆ. ಯಾವ ದಿನ ಬದಲಾಯಿತು?” ಪುಸ್ತಕದಲ್ಲಿ ಅದಕ್ಕೆ ಉತ್ತರವಿಲ್ಲ, ಇರಲು ಸಾಧ್ಯವೂ ಇಲ್ಲ. ನಾವೇ ಹುಡುಕಬೇಕಾಯಿತು. ಅವಳು ಮೊದಲ ಸಲ ಹೆಸರು ಹಿಡಿದು ಕರೆದ ದಿನವೋ, ಅವನ ಕೆಲಸದಲ್ಲಿ ಕೈಗೂಡಿಸಿದ ದಿನವೋ? ಅಂದಿನಿಂದ ಕೆಂಪು ಪುಸ್ತಕಕ್ಕೆ ಐದನೆಯ ಕಾಲಂ ಬಂತು: ಅವಳು ಅವರಿಗೆ ನೀನು ಎನ್ನುತ್ತಾಳೋ, ನೀವು ಎನ್ನುತ್ತಾಳೋ. ಕರೆಸಿಕೊಳ್ಳುವುದನ್ನು ಮಾತ್ರ ಬರೆಯುತ್ತಿದ್ದವಳು ಅವಳು ಕರೆಯುವುದನ್ನೂ ಬರೆಯತೊಡಗಿದೆ. ಹೆಣ್ಣಿನ ಬದಲಾವಣೆ ನಿಜವಾಗಿ ಕಂಡದ್ದು ಈ ಕಾಲಮಿನಲ್ಲಿ.

ಮೋನಿಕಾ ಅಲಿಯವರ ‘ಬ್ರಿಕ್ ಲೇನ್’ (2003) ಇದಕ್ಕೆ ಒಳ್ಳೆಯ ಪರೀಕ್ಷೆಯಾಯಿತು. ಪೂರ್ವ ಪಾಕಿಸ್ತಾನವಾಗಿದ್ದ ಕಾಲದ ಹಳ್ಳಿಯಲ್ಲಿ ಹುಟ್ಟಿದ ನಾಜ್ನೀನ್, ಹದಿನೆಂಟನೆಯ ವಯಸ್ಸಿಗೆ, 1985ರಲ್ಲಿ, ತನಗಿಂತ ಬಹಳ ಹಿರಿಯನಾದ ಚಾನುವಿನ ಹೆಂಡತಿಯಾಗಿ ಲಂಡನ್ನಿಗೆ ಬರುತ್ತಾಳೆ. ಚಾನು ಫೋನಿನಲ್ಲಿ ಯಾರಿಗೋ ಅವಳನ್ನು ಬಣ್ಣಿಸುವುದು ಅವಳ ಕಿವಿಗೆ ಬೀಳುತ್ತದೆ: ಸುಂದರಿಯೇನಲ್ಲ, ಕುರೂಪಿಯೂ ಅಲ್ಲ, ಹಳ್ಳಿಯ ಕೆಡದ ಹುಡುಗಿ. ಮೂರನೆಯ ಕಾಲಮಿನಲ್ಲಿ ಹೆಸರಿನ ಬದಲು ಆ ಮಾತನ್ನೇ ಬರೆದೆ. ವರ್ಷಗಳ ನಂತರ ಅವಳು ಮನೆಯಲ್ಲೇ ಹೊಲಿಗೆ ಹೊಲಿದು ಸಂಪಾದಿಸುತ್ತಾಳೆ, ಬೇರೊಬ್ಬನನ್ನು ಪ್ರೀತಿಸಿ ಅವನನ್ನೂ ಬಿಡುತ್ತಾಳೆ. ಢಾಕಾಕ್ಕೆ ಮರಳುವ ಕನಸು ಹೊತ್ತ ಗಂಡನಿಗೆ ತಾನು ಬರಲಾರೆ ಎನ್ನುತ್ತಾಳೆ. ಹೆಣ್ಣುಮಕ್ಕಳಿಬ್ಬರ ಜೊತೆ ಲಂಡನ್ನಿನಲ್ಲಿ ಉಳಿಯುತ್ತಾಳೆ. ಬರಲಾರೆ ಎನ್ನುವ ಆ ಮಾತನ್ನು ನಾನು ಬಹಳ ಹೊತ್ತು ಯೋಚಿಸಿ “ನಿನ್ನ ಜೊತೆ ಬರಲಾರೆ” ಎಂದೆ. ಇಷ್ಟು ಬದಲಾದ ಮೇಲೆ ನೀನು ಎನ್ನುವುದೇ ಸರಿಯೆಂದು ತೋರಿತ್ತು. ಹಾಲಿನಲ್ಲಿದ್ದ ಎಲ್ಲರೂ ಒಂದೇ ದನಿಯಲ್ಲಿ ತಿದ್ದಿದರು: “ನಿಮ್ಮ ಜೊತೆ.” ಕಲಬುರ್ಗಿಯ ಅಕ್ಕ ವಿವರಿಸಿದರು, ಬರುವುದಿಲ್ಲ ಎನ್ನುವವಳಿಗೆ ಬೈಗುಳ ಬೇಕಾಗಿಲ್ಲ, ನೀವು ಎಂದೇ ಬಾಗಿಲು ಮುಚ್ಚಬಹುದು ಎಂದು. ಮತ್ತೆ ಓದಿ ನೋಡಿದೆ. ಆ ದೃಶ್ಯದಲ್ಲಿ ಗಂಡ ಹೆಂಡತಿ ಒಬ್ಬರನ್ನೊಬ್ಬರು ಹಿಡಿದುಕೊಂಡು ನಿಲ್ಲುತ್ತಾರೆ. ಅವರು ಹೇಳಿದ್ದೇ ಸರಿಯಾಗಿತ್ತು. ಮರ್ಯಾದೆ ಬಿಟ್ಟರೆ ಮಾತ್ರ ಬಿಡುಗಡೆ ಎಂಬ ಹಳೆಯ ಗೆರೆ ನನ್ನೊಳಗೆ ಇನ್ನೂ ಅಳಿದಿರಲಿಲ್ಲ.

ಕನ್ನಡದಲ್ಲೇ ಬರೆದ ಡಯಾಸ್ಪೊರಾ ಕಾದಂಬರಿಗಳಲ್ಲಿ ಗುರುಪ್ರಸಾದ ಕಾಗಿನೆಲೆಯವರ ‘ಹಿಜಾಬ್’ (2017) ಓದಿದೆವು. ಅಮೆರಿಕದಲ್ಲಿ ವೈದ್ಯರಾಗಿರುವ ಲೇಖಕರು ಅಲ್ಲಿನ ಸಣ್ಣ ಊರಿನ ಆಸ್ಪತ್ರೆಯನ್ನು ಚಿತ್ರಿಸಿದ್ದಾರೆ. ಹಸಿರು ಕಾರ್ಡಿಗಾಗಿ ಕಾಯುತ್ತಿರುವ ಕನ್ನಡದ ವೈದ್ಯರು ಒಂದು ಕಡೆ, ಸಿಸೇರಿಯನ್ ಬೇಡವೆನ್ನುವ ಆಫ್ರಿಕಾ ಮೂಲದ ಮುಸ್ಲಿಂ ಬಸುರಿಯರು ಇನ್ನೊಂದು ಕಡೆ. ಇಬ್ಬರೂ ವಲಸಿಗರೇ. ಅನುವಾದದ ಕಷ್ಟವಿಲ್ಲದ್ದರಿಂದ ಬೇಗ ಮುಗಿಯಿತು, ಮಾತು ಮಾತ್ರ ಮುಗಿಯಲಿಲ್ಲ. ಕೆಂಪು ಪುಸ್ತಕದಲ್ಲಿ ಆ ಹೆಂಗಸರನ್ನು ಕರೆದವರ ಕಾಲಮಿನಲ್ಲಿ ಹೆಚ್ಚಾಗಿ ವೈದ್ಯರೇ ಇದ್ದಾರೆ. ನರ್ಸ್ ಅಕ್ಕ ತಮ್ಮ ವಾರ್ಡಿನಲ್ಲಿ ಬೇರೆ ರಾಜ್ಯದಿಂದ ಬಂದ ಬಸುರಿಯರನ್ನು ಹಾಸಿಗೆಯ ಸಂಖ್ಯೆಯಿಂದಲೇ ಕೂಗುತ್ತಿದ್ದುದನ್ನು ಹೇಳಿ, ಬಹಳ ಹೊತ್ತು ಸುಮ್ಮನಾದರು.

ಕಾದಂಬರಿಯ ಕಾಲಮುಗಳನ್ನು ತುಂಬಿಸುತ್ತಿದ್ದವರು ತಮ್ಮ ಪುಟ ಕೇಳದೆ ಇರಲಿಲ್ಲ. ಹಿಂದಿನ ಹಾಳೆಗಳಲ್ಲಿ ಒಬ್ಬೊಬ್ಬರಿಗೆ ಒಂದೊಂದು ಪುಟ ಕೊಟ್ಟಿದ್ದೇನೆ. ಮಂಡ್ಯದ ತಂಗಿಗೆ ಅಡ್ಡಹೆಸರೇ ಇರಲಿಲ್ಲ, ಇನಿಷಿಯಲ್ ಮಾತ್ರ. ಇಲ್ಲಿನ ಅರ್ಜಿಗಳಲ್ಲಿ ತನ್ನ ಹೆಸರು, ಗಂಡನ ಹೆಸರು, ಅಡ್ಡಹೆಸರು ಎಂಬ ಮೂರು ಮನೆ ತುಂಬಲೇಬೇಕು. ಅವಳ ಊರಿನ ಹೆಸರು ಕಾಗದದಲ್ಲಿ ಅಡ್ಡಹೆಸರಾಗಿ ಕೂತಿದೆ. 2024ರ ಮಾರ್ಚ್‌ನಲ್ಲಿ ಮಹಾರಾಷ್ಟ್ರ ಸರ್ಕಾರ ಮಕ್ಕಳ ಹೆಸರಿನ ನಂತರ ತಾಯಿಯ ಹೆಸರು, ಆಮೇಲೆ ತಂದೆಯ ಹೆಸರು ಎಂದು ತೀರ್ಮಾನ ಮಾಡಿದಾಗ ಅವಳು ಪೇಡೆ ತಂದಿದ್ದಳು. ಕಲಬುರ್ಗಿಯ ಅಕ್ಕನ ಪುಟದಲ್ಲಿ ‘ರೊಟ್ಟಿವಾಲಿ’, ‘ಕಾನಡಿ ಮಾವಶಿ’, ‘ಅಮ್ಮ’, ‘ಅಜ್ಜಿ’ ಇವೆ. ರೊಟ್ಟಿವಾಲಿ ಎಂದು ಬರೆದುಕೊಳ್ಳಿ, ಅದು ನಾನು ಸಂಪಾದಿಸಿದ್ದು ಎಂದು ಅವರೇ ಮೊದಲ ಸಾಲಿಗೆ ಹಾಕಿಸಿದರು.

ನನ್ನ ಪುಟ ಬಹಳ ದಿನ ಖಾಲಿ ಇತ್ತು. ‘ದಿ ನೇಮ್‌ಸೇಕ್’ನಲ್ಲಿ ಒಂದು ಕಾಗದವಿದೆ. ಹುಟ್ಟಿದ ಮಗುವಿಗೆ ಹೆಸರಿಡುವ ಹಕ್ಕನ್ನು ಅಸೀಮಾಳ ಅಜ್ಜಿಗೆ ಕೊಟ್ಟಿರುತ್ತಾರೆ. ಅಜ್ಜಿ ಹೆಸರನ್ನು ಬರೆದು ತಾನೇ ಅಂಚೆಗೆ ಹಾಕುತ್ತಾಳೆ. ಕಲಕತ್ತೆ ಮತ್ತು ಕೇಂಬ್ರಿಜ್ ನಡುವೆ ಎಲ್ಲೋ ಅದು ಕಳೆದುಹೋಗುತ್ತದೆ. ಅಜ್ಜಿಗೆ ಪಾರ್ಶ್ವವಾಯು ಬಡಿದು, ಆ ಹೆಸರು ಅವಳ ಜೊತೆಗೇ ಹೋಗುತ್ತದೆ. ಆ ಪುಟವನ್ನು ಓದಿದಾಗ ನನ್ನ ತಾಯಿ ಬದುಕಿದ್ದರು. ಪ್ರತಿ ಭಾನುವಾರ ಧಾರವಾಡದಿಂದ ಫೋನ್ ಮಾಡಿ, ಅಕ್ಕಿಯ ತಟ್ಟೆಗಿಂತ ಮುಂಚಿನ ಎರಡಕ್ಷರದ ಹೆಸರಿನಿಂದಲೇ ನನ್ನನ್ನು ಕರೆಯುತ್ತಿದ್ದರು. ಗಂಡನಿಗೆ, ಮಕ್ಕಳಿಗೆ, ಶಾಲೆಗೆ, ಬ್ಯಾಂಕಿಗೆ ಆ ಹೆಸರು ಗೊತ್ತಿಲ್ಲ, ಅಥವಾ ಗೊತ್ತಿದ್ದರೂ ನಾಲಗೆಗೆ ಬರುವುದಿಲ್ಲ. 2021ರಲ್ಲಿ ತಾಯಿ ಹೋದರು. ಆಮೇಲೆ ಒಂದು ರಾತ್ರಿ ಕೂತು ನನ್ನ ಪುಟ ಬರೆದೆ. ಕರೆದವರು: ಅವ್ವ. ಏನೆಂದು: ಆ ಎರಡಕ್ಷರ. ಯಾತಕ್ಕಾಗಿ ಎಂಬ ಕಾಲಮಿಗೆ ಬಂದಾಗ ಬರೆಯಲು ಏನೂ ಸಿಗಲಿಲ್ಲ. ಅವರು ಏನೂ ಬೇಡದೆ ಸುಮ್ಮನೆ ಕರೆಯುತ್ತಿದ್ದರು.

ಮುಂದಿನ ಶನಿವಾರ ಬಳಗದವರಿಗೆ ಅದನ್ನು ಓದಿ ಹೇಳಿದೆ. ಯಾರೂ ನನ್ನನ್ನು ಆ ಹೆಸರಿನಿಂದ ಕರೆಯಲಿಲ್ಲ, ನಾನು ಕೇಳಲೂ ಇಲ್ಲ. ಚಹಾದ ಲೋಟ ಕೈಗೆ ಕೊಡುತ್ತ ಕಲಬುರ್ಗಿಯ ಅಕ್ಕ “ಅಕ್ಕೋರೇ, ಕೇಳಿದಿರಾ?” ಎಂದರು. ಏನೆಂದು ಕೇಳಿದೆ. “ಏನಿಲ್ಲ” ಎಂದು ಪುಸ್ತಕದ ಕಡೆ ಕೈ ತೋರಿಸಿದರು. ಹಿಂದಿನ ವಾರ ಬಿಟ್ಟ ಪುಟದಿಂದ ಓದು ಮುಂದುವರಿಸಿದೆ.